ಹೊರಡುವ ಗೆರೆಯನ್ನು ಮೊದಲೇ ಬರೆದಿಡುವುದು: ಆತಂಕದ ದಿನಗಳ ವಿದೇಶ ಪ್ರಯಾಣಕ್ಕೆ ನನ್ನ ತಯಾರಿ

ಭದ್ರತೆಯ ಆತಂಕ ಇರುವ ದೇಶಕ್ಕೆ ಹೋಗಲೇಬೇಕಾದಾಗ, ಸೂಟ್‌ಕೇಸ್ ಇಳಿಸುವ ಮೊದಲು ನಾನು ಒಂದು ಬಿಳಿ ಹಾಳೆ ಹಿಡಿದು ಕೂರುತ್ತೇನೆ. ಅದರಲ್ಲಿ ಬರೆಯುವುದು ಮೂರೇ ಸಾಲು. ಏನಾದರೆ ಪ್ರಯಾಣವನ್ನೇ ಕೈಬಿಡುತ್ತೇನೆ. ಏನಾದರೆ ಕೋಣೆಯಿಂದ ಹೊರಗೆ ಕಾಲಿಡುವುದಿಲ್ಲ. ಏನಾದರೆ, ಹೋದ ಕೆಲಸ ಅರ್ಧಕ್ಕೇ ನಿಂತರೂ ಸರಿ, ಅದೇ ದಿನ ದೇಶ ಬಿಡುತ್ತೇನೆ. ಉಳಿದ ಇಡೀ ತಯಾರಿಗಿಂತ ಈ ಮೂರನೆಯ ಸಾಲೇ ದೊಡ್ಡದು.

ಆ ಗೆರೆ ಕಣ್ಣಿಗೆ ಕಾಣುವ ಘಟನೆಯೇ ಆಗಿರಬೇಕು. "ಪರಿಸ್ಥಿತಿ ಕೆಟ್ಟರೆ" ಎಂದು ಬರೆದಿಟ್ಟರೆ ಉಪಯೋಗವಿಲ್ಲ, ಕೆಟ್ಟಿದೆಯೋ ಇಲ್ಲವೋ ಎಂಬ ಚರ್ಚೆಯಲ್ಲೇ ಹೊತ್ತು ಹೋಗುತ್ತದೆ. ನಾನು ಬರೆಯುವುದು ಹೀಗೆ: ಯಾವುದಾದರೂ ದೊಡ್ಡ ದೇಶದ ರಾಯಭಾರ ಕಚೇರಿ ತನ್ನ ಸಿಬ್ಬಂದಿಯ ಕುಟುಂಬಗಳನ್ನು ವಾಪಸ್ ಕಳಿಸಲು ಶುರುಮಾಡಿದರೆ, ಆ ನಗರಕ್ಕೆ ಹಾರುವ ಎರಡು ವಿಮಾನ ಸಂಸ್ಥೆಗಳು ಸೇವೆ ನಿಲ್ಲಿಸಿದರೆ, ಸರ್ಕಾರವೇ ಮೊಬೈಲ್ ಇಂಟರ್ನೆಟ್ ಕಡಿದರೆ. ಒಂದಾದರೂ ಸಾಕು, ಹೊರಟೆ. ಅಲ್ಲಿದ್ದುಕೊಂಡು ನಿರ್ಧರಿಸುವುದು ಕಷ್ಟ. ಅಂಗಡಿಗಳು ತೆರೆದಿರುತ್ತವೆ, ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ, ಪಕ್ಕದ ಕೋಣೆಯವರು ನಿಶ್ಚಿಂತೆಯಿಂದ ಇರುತ್ತಾರೆ. ಅದನ್ನೆಲ್ಲ ನೋಡುತ್ತಾ ಮನಸ್ಸು "ಇನ್ನೊಂದು ದಿನ ನೋಡೋಣ" ಅನ್ನುತ್ತದೆ. 2022ರ ಫೆಬ್ರವರಿ 24ರ ಬೆಳಗಿನ ಜಾವ ಉಕ್ರೇನ್ ತನ್ನ ವಾಯುಪ್ರದೇಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತು. ಮರುದಿನದ ಟಿಕೆಟ್ ಕೈಯಲ್ಲಿದ್ದವರಿಗೆ ಟಿಕೆಟ್ ಉಳಿಯಿತು, ವಿಮಾನ ಉಳಿಯಲಿಲ್ಲ. ಪೋಲೆಂಡ್, ರೊಮೇನಿಯಾ, ಹಂಗೇರಿಯ ಗಡಿಗಳಲ್ಲಿ ಚಳಿಯಲ್ಲಿ ಸಾಲು ನಿಲ್ಲಬೇಕಾಯಿತು. ಅದಕ್ಕೆ ಸುಮಾರು ಎರಡು ವಾರ ಮುಂಚೆಯೇ ಅಮೆರಿಕ, ಬ್ರಿಟನ್ ತಮ್ಮ ಪ್ರಜೆಗಳಿಗೆ ಹೊರಟುಬನ್ನಿ ಎಂದಿದ್ದವು. ಆಗ ವಿಮಾನಗಳು ಎಂದಿನಂತೆ ಹಾರುತ್ತಿದ್ದವು.

ಹೋಗುವ ದೇಶವನ್ನಷ್ಟೇ ನೋಡಿದರೆ ಸಾಲದು, ದಾರಿಯಲ್ಲಿ ವಿಮಾನ ಬದಲಿಸುವ ದೇಶವನ್ನೂ ನೋಡಬೇಕು. 2025ರ ಜೂನ್ 23ರಂದು ಕತಾರ್ ಕೆಲವು ಗಂಟೆ ವಾಯುಪ್ರದೇಶ ಮುಚ್ಚಿದಾಗ, ಆ ದೇಶದಲ್ಲಿ ಯಾವ ಕೆಲಸವೂ ಇಲ್ಲದ, ದೋಹಾದಲ್ಲಿ ವಿಮಾನ ಬದಲಿಸಬೇಕಿದ್ದ ಪ್ರಯಾಣಿಕರ ದಾರಿಯೂ ತಪ್ಪಿಹೋಯಿತು. ಹಾಗಾಗಿ ನಡುವಿನ ನಿಲ್ದಾಣದಲ್ಲಿ ಸಿಕ್ಕಿಕೊಂಡರೆ ಹೊರಗೆ ಹೋಗಲು ವೀಸಾ ಬೇಕೇ, ಬೇಕಾದರೆ ಅಲ್ಲೇ ಸಿಗುತ್ತದೆಯೇ ಎಂದು ಟಿಕೆಟ್ ಮಾಡಿಸುವ ಮೊದಲೇ ನೋಡುತ್ತೇನೆ. ಎರಡೂ ಹಾರಾಟಗಳು ಒಂದೇ ಟಿಕೆಟ್‌ನಲ್ಲಿ ಇರುವಂತೆಯೂ ನೋಡಿಕೊಳ್ಳುತ್ತೇನೆ. ಬೇರೆಬೇರೆ ತೆಗೆದುಕೊಂಡರೆ ಹಣ ಉಳಿಯಬಹುದು, ಆದರೆ ಮೊದಲನೆಯದು ರದ್ದಾದಾಗ ಎರಡನೆಯ ಸಂಸ್ಥೆಗೆ ನಿಮ್ಮ ಜವಾಬ್ದಾರಿ ಇರುವುದಿಲ್ಲ.

ಪ್ರವಾಸ ಸೂಚನೆಗಳನ್ನು ಸ್ವಂತ ದೇಶದ್ದಲ್ಲದೆ ಇನ್ನೂ ಎರಡು ದೇಶಗಳದ್ದನ್ನು ಓದುತ್ತೇನೆ. ಅಮೆರಿಕ, ಆಸ್ಟ್ರೇಲಿಯಾ ಎರಡೂ ನಾಲ್ಕು ಹಂತದ ಪಟ್ಟಿ ಕೊಡುತ್ತವೆ. ಬ್ರಿಟನ್ ಹಂತಗಳ ಬದಲು ಯಾವ ಪ್ರದೇಶಕ್ಕೆ ಹೋಗಬಾರದು ಎಂದು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸುತ್ತದೆ. ಜನ ಮೇಲಿನ ಹಂತದ ಅಂಕಿ ನೋಡಿ ನಿಲ್ಲಿಸಿಬಿಡುತ್ತಾರೆ. ಕೆಳಗಿನ ಪ್ರದೇಶವಾರು ಭಾಗವೇ ಮುಖ್ಯ. ರಾಜಧಾನಿ ಎರಡನೆಯ ಹಂತದಲ್ಲಿದ್ದು, ನಿಮ್ಮ ರಸ್ತೆ ಹಾದುಹೋಗುವ ಗಡಿ ಪ್ರಾಂತ್ಯ ನಾಲ್ಕನೆಯದರಲ್ಲಿ ಇರಬಹುದು.

ಇದಕ್ಕೂ ವಿಮೆಗೂ ನೇರ ನಂಟಿದೆ. ಸರ್ಕಾರ "ಹೋಗಬೇಡಿ" ಎಂದ ಜಾಗಕ್ಕೆ ಹೋದರೆ ಅನೇಕ ಪ್ರವಾಸ ವಿಮೆಗಳು ಅನ್ವಯಿಸುವುದೇ ಇಲ್ಲ. ಯುದ್ಧದಿಂದಾದ ನಷ್ಟವನ್ನು ಬಹುತೇಕ ಪಾಲಿಸಿಗಳು ಹೊರಗಿಡುತ್ತವೆ. ಭಯೋತ್ಪಾದನೆಯ ಬಗ್ಗೆ ಒಂದೊಂದರದ್ದು ಒಂದೊಂದು ನಿಯಮ. ಗಲಭೆ ಸುದ್ದಿಯಾದ ಮೇಲೆ ವಿಮೆ ಮಾಡಿಸಿದರೆ "ಗೊತ್ತಿದ್ದೇ ಹೋಗಿದ್ದೀರಿ" ಎಂದು ಕೈಚೆಲ್ಲುವುದೂ ಉಂಟು. ವೈದ್ಯಕೀಯ ಸ್ಥಳಾಂತರ ಬೇರೆ, ಭದ್ರತಾ ಸ್ಥಳಾಂತರ ಬೇರೆ. ಮೊದಲನೆಯದು ಪಾಲಿಸಿಯಲ್ಲಿ ಇದೆಯೆಂದರೆ ಎರಡನೆಯದೂ ಇದೆ ಎಂದುಕೊಳ್ಳಬೇಡಿ. ಇವನ್ನೆಲ್ಲ ನಾನು ವಿಮಾ ಸಂಸ್ಥೆಗೆ ಇಮೇಲ್‌ನಲ್ಲೇ ಕೇಳಿ, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳುತ್ತೇನೆ. ಫೋನಿನಲ್ಲಿ ಕೊಟ್ಟ ಭರವಸೆಗೆ ಸಾಕ್ಷಿ ಇರುವುದಿಲ್ಲ.

ಪಾಸ್‌ಪೋರ್ಟ್‌ಗೆ ವಾಪಸಾಗುವ ದಿನದಿಂದ ಇನ್ನೂ ಆರು ತಿಂಗಳ ಅವಧಿ, ಕನಿಷ್ಠ ಎರಡು ಖಾಲಿ ಪುಟ ಇರಬೇಕು. ತುರ್ತಿನಲ್ಲಿ ನೆರೆಯ ದೇಶಕ್ಕೆ ದಾಟಬೇಕಾದರೆ ಆ ದೇಶವೂ ಇದನ್ನೇ ಕೇಳಬಹುದು. ನನ್ನ ದೇಶದ ವಿದೇಶಾಂಗ ಇಲಾಖೆಯಲ್ಲಿ ಹೆಸರು, ವಿಳಾಸ, ದಿನಾಂಕ ನೋಂದಾಯಿಸುತ್ತೇನೆ. ವಿಶೇಷ ವಿಮಾನ ಬಂದಾಗ ಪಟ್ಟಿ ತಯಾರಾಗುವುದು ಗೊತ್ತಿರುವ ಹೆಸರುಗಳಿಂದಲೇ.

ಜೇಬಿನಲ್ಲಿ ಅಂಗೈಯಗಲದ ಒಂದು ದಪ್ಪ ಕಾಗದದ ಚೀಟಿ ಇರುತ್ತದೆ. ಒಂದು ಬದಿಯಲ್ಲಿ ರಕ್ತದ ಗುಂಪು, ಅಲರ್ಜಿ, ದಿನನಿತ್ಯದ ಔಷಧಿ, ದೇಶದ ಕೋಡ್ ಸಮೇತ ಮನೆಯವರ ನಂಬರು, ರಾಯಭಾರ ಕಚೇರಿಯ ತುರ್ತು ನಂಬರು, ವಿಮೆಯ ನಂಬರು. ಇನ್ನೊಂದು ಬದಿಯಲ್ಲಿ ಸ್ಥಳೀಯ ಲಿಪಿಯಲ್ಲಿ ಹೋಟೆಲಿನ ವಿಳಾಸ, ಮತ್ತು "ದಯವಿಟ್ಟು ನಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ" ಎಂಬ ವಾಕ್ಯ. ವಿದೇಶಿ ಪ್ರಜೆಯನ್ನು ಬಂಧಿಸಿದರೆ, ಅವರು ಕೇಳಿದಾಗ ಅವರ ದೇಶದ ಕಾನ್ಸುಲೇಟ್‌ಗೆ ತಿಳಿಸಬೇಕು ಎಂದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುತ್ತದೆ. ಕೇಳಬೇಕು ಎಂಬುದನ್ನು ನೆನಪಿಡಿ. ಎರಡು ದೇಶಗಳ ಪೌರತ್ವ ಇರುವವರು ಅವುಗಳಲ್ಲೇ ಒಂದು ದೇಶದಲ್ಲಿ ಸಿಕ್ಕಿಬಿದ್ದರೆ ಇನ್ನೊಂದರ ಸಹಾಯ ಸಿಗದೇ ಹೋಗಬಹುದು. ಚೀಟಿಗೆ ಪಾರದರ್ಶಕ ಟೇಪು ಸುತ್ತುತ್ತೇನೆ, ಬೆವರಿಗೆ ಶಾಯಿ ಹರಡಿ ನಂಬರೇ ಓದಲಾಗದಂತೆ ಆಗಬಾರದು.

ಫೋನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಎಲ್ಲರೂ ನೆಚ್ಚಿಕೊಳ್ಳುವುದು ಅದನ್ನೇ, ಮೊದಲು ಕೈಕೊಡುವುದೂ ಅದೇ. 2016ರ ಮಾರ್ಚ್ 22ರಂದು ಬ್ರಸೆಲ್ಸ್‌ನಲ್ಲಿ ಬಾಂಬ್ ಸ್ಫೋಟಗಳಾದಾಗ ಕರೆಗಳ ಒತ್ತಡಕ್ಕೆ ಜಾಲ ಸೋತುಹೋಯಿತು. ಕರೆ ಮಾಡಬೇಡಿ, ಸಂದೇಶ ಕಳಿಸಿ ಎಂದು ಅಧಿಕಾರಿಗಳು ಕೇಳಿಕೊಂಡರು. ಕರೆಗೆ ಜಾಲದಲ್ಲಿ ಒಂದು ದಾರಿ ಅಷ್ಟು ಹೊತ್ತೂ ಮೀಸಲಾಗಿರಬೇಕು. ಚಿಕ್ಕ ಸಂದೇಶ ಕಾದು ನಿಂತು, ಸಂದು ಸಿಕ್ಕಾಗ ನುಸುಳಿ ಹೋಗುತ್ತದೆ. ಆದ್ದರಿಂದ "ಕ್ಷೇಮ, ಇಂಥಲ್ಲಿ ಇದ್ದೇನೆ, ಮುಂದಿನ ಸಂದೇಶ ಇಷ್ಟು ಗಂಟೆಗೆ" ಎಂಬ ಒಂದು ಸಾಲನ್ನು ಮೊದಲೇ ಬರೆದಿಟ್ಟುಕೊಂಡಿರುತ್ತೇನೆ. ದಿನಕ್ಕೆ ಎರಡು ಹೊತ್ತು ಸಂದೇಶ ಕಳಿಸುವ ಸಮಯವೂ ನಿಗದಿ. ಇಲ್ಲಿ ಹೆಚ್ಚಾಗಿ ಎಡವುವುದು ಮನೆಯ ಕಡೆ: ಸಂದೇಶ ಬಾರದಿದ್ದರೆ ಏನು ಮಾಡಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಎರಡು ಗಂಟೆ ತಡವಾದರೆ ಹೋಟೆಲಿಗೆ ಫೋನ್, ನಾಲ್ಕು ಗಂಟೆಗೆ ಅಲ್ಲಿನ ಪರಿಚಯದವರಿಗೆ, ಆರು ಗಂಟೆಗೆ ರಾಯಭಾರ ಕಚೇರಿಗೆ ಎಂದು ನಂಬರುಗಳ ಸಮೇತ ಬರೆದು ಕೊಟ್ಟು ಹೋಗುತ್ತೇನೆ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಒಮ್ಮೆ ಹಂಚಿದರೆ ಹೆಚ್ಚೆಂದರೆ 8 ಗಂಟೆ ನಡೆಯುತ್ತದೆ. ರಾತ್ರಿ ಹಂಚಿ ಮಲಗಿದರೆ ಬೆಳಗ್ಗೆ ಅದು ನಿಂತಿರುತ್ತದೆ, ಮನೆಯವರು ಗಾಬರಿಯಾಗುತ್ತಾರೆ.

ನಕ್ಷೆಯನ್ನು ಇಳಿಸಿಕೊಂಡರೂ ಫೋನಿನ ನೀಲಿ ಚುಕ್ಕೆಯನ್ನು ಪೂರ್ತಿ ನಂಬುವಂತಿಲ್ಲ. ಸಂಘರ್ಷದ ಪ್ರದೇಶಗಳಲ್ಲಿ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಾರೆ. 2024ರಲ್ಲಿ ಇಸ್ರೇಲ್‌ನಲ್ಲಿ ಎಷ್ಟೋ ಜನರ ಫೋನುಗಳು ತಾವು ನೆರೆಯ ಲೆಬನಾನಿನ ಬೈರೂತ್ ವಿಮಾನ ನಿಲ್ದಾಣದಲ್ಲಿ ಇರುವುದಾಗಿ ತೋರಿಸಿದವು. ಅದಕ್ಕೇ ಹೋಟೆಲ್, ಆಸ್ಪತ್ರೆ, ರಾಯಭಾರ ಕಚೇರಿ ಮತ್ತು ಊರಿಂದ ಹೊರಬೀಳುವ ಎರಡು ರಸ್ತೆಗಳನ್ನು ಗುರುತಿಸಿದ ಕಾಗದದ ನಕ್ಷೆ ಬೇಕೇ ಬೇಕು. ಪವರ್ ಬ್ಯಾಂಕ್ 20,000 ಎಂಎಎಚ್‌ನದು ಸಾಕು. 3.7 ವೋಲ್ಟ್‌ಗೆ ಗುಣಿಸಿದರೆ 74 ವ್ಯಾಟ್ ಅವರ್, ವಿಮಾನದಲ್ಲಿ ಸಾಮಾನ್ಯವಾಗಿ ಕೇಳದೆ ಬಿಡುವ 100ರ ಮಿತಿಯೊಳಗೆ ಬರುತ್ತದೆ. ಅದನ್ನು ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಉಪಗ್ರಹ ಫೋನ್ ಒಳ್ಳೆಯ ಉಪಾಯವೆಂದು ಕಾಣಬಹುದು, ಆದರೆ ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಅದನ್ನು ತಂದರೆ ಬಂಧನವಾಗಬಹುದು. ಔಷಧಿಗೂ ಹಾಗೆಯೇ: ಕೊಡೀನ್ ಇರುವ ಮಾತ್ರೆಗಳಿಗೆ ಹಲವು ಕಡೆ ಮುಂಗಡ ಅನುಮತಿ ಬೇಕು. ದಿನನಿತ್ಯದ ಔಷಧಿಯನ್ನು ಎರಡು ವಾರಕ್ಕೆ ಹೆಚ್ಚುವರಿಯಾಗಿ, ಅದರದೇ ಪ್ಯಾಕೆಟ್ಟಿನಲ್ಲಿ, ವೈದ್ಯರ ಚೀಟಿಯೊಂದಿಗೆ ಒಯ್ಯುತ್ತೇನೆ. ನಗದು ಎರಡು ಜಾಗದಲ್ಲಿ, ಚಿಕ್ಕ ನೋಟುಗಳಲ್ಲಿ. ಕರೆಂಟು ಹೋದರೆ ಎಟಿಎಂ ಸತ್ತಂತೆ.

ವಿಮಾನ ನಿಲ್ದಾಣದಲ್ಲಿ ಅಪಾಯ ಹೆಚ್ಚಿರುವುದು ತಪಾಸಣೆಗೆ ಮೊದಲಿನ ಜಾಗದಲ್ಲಿ. ಬ್ರಸೆಲ್ಸ್‌ನ ನಿಲ್ದಾಣದ ಸ್ಫೋಟಗಳು ನಡೆದದ್ದು ಚೆಕ್-ಇನ್ ಸಾಲುಗಳಿದ್ದ ಸಭಾಂಗಣದಲ್ಲೇ. ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿ, ಕೈಚೀಲ ಒಂದನ್ನೇ ಹಿಡಿದು ಹೋದರೆ ಆ ಸಾಲುಗಳಲ್ಲಿ ನಿಲ್ಲುವ ಹೊತ್ತು ಬಹಳ ಕಡಿಮೆಯಾಗುತ್ತದೆ. ಗಾಜಿನ ಗೋಡೆಯ ಪಕ್ಕ ಕೂರಬೇಡಿ, ಒಳಗೆ ಹೋಗಿ ಕಾಯಿರಿ.

ಹೋಟೆಲಿನಲ್ಲಿ ಮೂರರಿಂದ ಆರನೆಯ ಮಹಡಿಯ ಒಳಗೆ, ರಸ್ತೆಗೂ ಮುಂಬಾಗಿಲಿಗೂ ಮುಖ ಮಾಡದ ಕೋಣೆ ಕೇಳುತ್ತೇನೆ. ಕೆಳಗಿನ ಮಹಡಿ ರಸ್ತೆಯಲ್ಲಿ ಸ್ಫೋಟವಾದರೆ ಹತ್ತಿರ, ತೀರಾ ಮೇಲಿನ ಮಹಡಿಗೆ ಅಗ್ನಿಶಾಮಕ ಏಣಿ ಮುಟ್ಟುವುದಿಲ್ಲ. ಬೀಗ ತೆಗೆದ ತಕ್ಷಣ ಚೀಲ ಇಟ್ಟು ಮತ್ತೆ ಹೊರಗೆ ಬರುತ್ತೇನೆ. ತುರ್ತು ಮೆಟ್ಟಿಲಿನತ್ತ ಗೋಡೆಗೆ ಕೈ ತಾಗಿಸಿಕೊಂಡು ನಡೆಯುತ್ತಾ ಬಾಗಿಲುಗಳನ್ನು ಎಣಿಸುತ್ತೇನೆ: ಎಡಗಡೆ ಒಂದು, ಎರಡು, ಮೂರು, ನಾಲ್ಕು, ಐದನೆಯದು ಮೆಟ್ಟಿಲು. ಹೊಗೆ ತುಂಬಿದಾಗ ಹಸಿರು ದೀಪದ ಫಲಕ ಕಾಣಿಸುವುದಿಲ್ಲ. ನೆಲಕ್ಕೆ ಬಾಗಿ ತೆವಳುವಾಗ ಬೆರಳಿಗೆ ಸಿಗುವುದು ಬಾಗಿಲ ಚೌಕಟ್ಟುಗಳು ಮಾತ್ರ. ಮೆಟ್ಟಿಲ ಬಾಗಿಲನ್ನು ತಳ್ಳಿ, ಕೆಳಗಿನವರೆಗೂ ಇಳಿದು ನೋಡುತ್ತೇನೆ, ತಳದಲ್ಲಿ ಸರಪಳಿ ಬೀಗ ಹಾಕಿದ್ದರೆ ಹೋಟೆಲನ್ನೇ ಬದಲಿಸುತ್ತೇನೆ. ರಾತ್ರಿ ಬಾಗಿಲ ಕೆಳಗೆ ರಬ್ಬರಿನ ಬೆಣೆ ಇಡುತ್ತೇನೆ (ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ), ದಪ್ಪ ಪರದೆ ಎಳೆಯುತ್ತೇನೆ, ಹಾಸಿಗೆ ಕಿಟಕಿಯ ಪಕ್ಕದಲ್ಲಿದ್ದರೆ ಸರಿಸುತ್ತೇನೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಹೊಗೆ ನೋಡಲು ಕಿಟಕಿಗೆ ಬಂದವರಿಗೆ ದೊಡ್ಡ ಸ್ಫೋಟದ ಗಾಜು ಬಡಿಯಿತು. ಸ್ಫೋಟದ ಬೆಳಕು ಕಂಡ ಮೇಲೆ ಅದರ ಗಾಳಿಯ ಅಲೆ ತಲುಪಲು ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ಬೇಕು. ಆ ಮೂರು ಸೆಕೆಂಡು ಕಿಟಕಿಯಿಂದ ದೂರ ಸರಿದು, ನೆಲಕ್ಕೆ ಬಿದ್ದು, ತಲೆ ಮುಚ್ಚಿಕೊಳ್ಳುವುದಕ್ಕೆ, ಫೋನ್ ತೆಗೆದು ಚಿತ್ರ ಹಿಡಿಯುವುದಕ್ಕಲ್ಲ.

ಗುಂಡಿನ ದಾಳಿ ನಡೆದರೆ ಓಡುವುದು ಮೊದಲು, ಆಗದಿದ್ದರೆ ಅಡಗುವುದು. ಅಡಗಿದಾಗ ಫೋನಿನ ವೈಬ್ರೇಷನ್ ಸಹ ಆರಿಸಿ, ಮೇಜಿನ ಮೇಲೆ ಅದರ ಗುಂಯ್‌ಗುಡುವಿಕೆ ಆಚೆ ಕೋಣೆಗೆ ಕೇಳುತ್ತದೆ. ಬಾಂಬ್ ಆದರೆ ಜನ ಓಡಿದ ಕಡೆಗೇ ಕುರುಡಾಗಿ ಓಡಬೇಡಿ. 2002ರ ಅಕ್ಟೋಬರ್ 12ರಂದು ಬಾಲಿಯಲ್ಲಿ ಮೊದಲ ಸ್ಫೋಟದಿಂದ ಜನ ಬೀದಿಗೆ ಬಂದ ಕೆಲವೇ ಕ್ಷಣಗಳಲ್ಲಿ ಅಲ್ಲಿ ನಿಂತಿದ್ದ ವ್ಯಾನ್ ಸಿಡಿಯಿತು. ನಿಂತ ವಾಹನ, ಕಸದ ಡಬ್ಬಿ, ಗುಂಪು, ಈ ಮೂರರಿಂದಲೂ ದೂರ ನಡೆಯಿರಿ. ಪೊಲೀಸರು ಎದುರಾದಾಗ ಎರಡೂ ಕೈ ಖಾಲಿಯಾಗಿ ಕಾಣುವಂತೆ ಇರಲಿ.

ಚೀಲದ ಹೊರ ಜೇಬಿನಲ್ಲಿ ಒಂದು ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ, ತಿರುಚಲು ಪುಟ್ಟ ಕೋಲಿರುವ ಪಟ್ಟಿ) ಇಡುತ್ತೇನೆ. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ 5ರಿಂದ 8 ಸೆಂಟಿಮೀಟರ್ ಮೇಲೆ ಕಟ್ಟಬೇಕು, ಕೀಲಿನ ಮೇಲೆ ಬೇಡ. ಪಟ್ಟಿ ಎಳೆದು, ಕೋಲನ್ನು ರಕ್ತ ನಿಲ್ಲುವವರೆಗೂ ತಿರುಚಬೇಕು. ಗಾಯಾಳು ನೋವಿಗೆ ಕಿರುಚುತ್ತಾರೆ, ಸಡಿಲಿಸು ಎನ್ನುತ್ತಾರೆ. ಸಡಿಲಿಸಬಾರದು. ಕಟ್ಟಿದ ಸಮಯವನ್ನು ಅದರ ಮೇಲೆ ಬರೆದು, ಬಿಚ್ಚುವುದನ್ನು ಆಸ್ಪತ್ರೆಗೆ ಬಿಡಬೇಕು. ಸೊಂಟದ ಬೆಲ್ಟು ಸಾಮಾನ್ಯವಾಗಿ ಸೋಲುತ್ತದೆ, ತಿರುಚಿ ಬಿಗಿಮಾಡಲು ಅದರಲ್ಲಿ ಏನೂ ಇಲ್ಲ. ತೊಡೆಸಂದು, ಕಂಕುಳಿನ ಗಾಯಕ್ಕೆ ಸ್ವಚ್ಛ ಬಟ್ಟೆ ತುರುಕಿ, ಮೈಭಾರ ಹಾಕಿ ಒತ್ತಿ ಹಿಡಿಯಬೇಕು. ಒಂದು ದಿನದ ತರಬೇತಿಯಲ್ಲಿ ಕೈಗೆ ರೂಢಿ ಮಾಡಿಕೊಳ್ಳದೆ ಇದನ್ನು ಒಯ್ಯುವುದರಲ್ಲಿ ಅರ್ಥವಿಲ್ಲ.

ಹೊರಡುವ ಹಿಂದಿನ ಸಂಜೆ ಒಂದು ಗಂಟೆ ಕಾಲ ಫೋನನ್ನು ಫ್ಲೈಟ್ ಮೋಡ್‌ನಲ್ಲಿ ಹಾಕುತ್ತೇನೆ. ಆ ಗಂಟೆಯಲ್ಲಿ ಹೋಟೆಲಿನ ವಿಳಾಸ ಓದಿ ಹೇಳಬೇಕು, ಗಡಿಯ ದಾರಿ ತೋರಿಸಬೇಕು, ಪಾಲಿಸಿ ಸಂಖ್ಯೆ ಹುಡುಕಬೇಕು, ಮೂರು ಮುಖ್ಯ ನಂಬರುಗಳನ್ನು ಬಾಯಿಪಾಠ ಹೇಳಬೇಕು. ಯಾವುದು ಸಿಗಲಿಲ್ಲವೋ ಅದನ್ನು ಆ ರಾತ್ರಿಯೇ ಕಾಗದಕ್ಕೆ ಇಳಿಸಿ, ಮೂರು ಸಾಲಿನ ಹಾಳೆಯ ಜೊತೆ ಪಾಸ್‌ಪೋರ್ಟ್ ಕವರಿನೊಳಗೆ ಮಡಚಿ ಇಡುತ್ತೇನೆ.