ಗನ್ ಪೊಸಿಷನ್‌ನಿಂದ ಗಣಿತದ ಕ್ಲಾಸಿಗೆ

ಸರ್ವಿಸ್ ಪೂರ್ತಿ ನಾನು ಆರ್ಟಿಲರಿಯಲ್ಲಿದ್ದೆ, ಅಂದರೆ ಸೇನೆಯ ಫಿರಂಗಿ ದಳದಲ್ಲಿ. ನಿವೃತ್ತಿ ಆದಮೇಲೆ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಯೂನಿಫಾರ್ಮ್ ಬಿಟ್ಟು ಚಾಕ್‌ಪೀಸ್ ಹಿಡಿಯೋದು ಕಷ್ಟ ಆಗಲಿಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನನಗೆ ಅದು ಬೇರೆ ಕೆಲಸ ಅನ್ನಿಸಲೇ ಇಲ್ಲ. ಗನ್ ಹತ್ತಿರ ನಿಂತವರಿಗೆ ಟಾರ್ಗೆಟ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ದೂರ, ಎತ್ತರದ ವ್ಯತ್ಯಾಸ, ಗಾಳಿ, ಮದ್ದಿನ ಉಷ್ಣತೆ, ಬ್ಯಾರೆಲ್ ಎಷ್ಟು ಸವೆದಿದೆ ಅನ್ನುವುದು, ಎಲ್ಲವನ್ನೂ ಹಿಡಿದು ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ನಂಬಿಯೇ ಗುಂಡು ಹಾರಿಸುವುದು.

ಹಾಗಾಗಿ ತ್ರಿಕೋನಮಿತಿ ಶುರು ಮಾಡುವಾಗ ಬೋರ್ಡ್ ಮೇಲೆ ಸೈನ್, ಕಾಸ್ ಬರೆಯುವುದಿಲ್ಲ. ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಒಂದು ಪೂರ್ತಿ ಸುತ್ತಿಗೆ 360 ಡಿಗ್ರಿ ಅಂತ ಅವರಿಗೆ ಗೊತ್ತು. ಹಲವು ಸೇನೆಗಳ ಆರ್ಟಿಲರಿಯಲ್ಲಿ ಅದೇ ಸುತ್ತನ್ನು 6400 ಭಾಗ ಮಾಡಿ, ಒಂದೊಂದು ಭಾಗಕ್ಕೆ ಮಿಲ್ ಅನ್ನುತ್ತಾರೆ. 1 ಕಿಲೋಮೀಟರ್ ದೂರದಲ್ಲಿ 1 ಮಿಲ್ ಅಂದರೆ ಹೆಚ್ಚುಕಮ್ಮಿ 1 ಮೀಟರ್. ಕೈ ಪೂರ್ತಿ ಚಾಚಿ ಒಂದು ಬೆರಳು ನಿಲ್ಲಿಸಿದರೆ ಅದರ ಅಗಲ ಸುಮಾರು 30 ಮಿಲ್. 6 ಮೀಟರ್ ಎತ್ತರದ ಕಂಬ ಅಡ್ಡ ಹಿಡಿದ ಬೆರಳಿನ ಹಿಂದೆ ಸರಿಯಾಗಿ ಮುಚ್ಚಿಹೋದರೆ ಅದು ಎಷ್ಟು ದೂರ? 6ನ್ನು 30ರಿಂದ ಭಾಗಿಸಿ. 0.2 ಕಿಲೋಮೀಟರ್, ಅಂದರೆ 200 ಮೀಟರ್. ಪೆನ್ನು ಬೇಡ, ಸೈನ್-ಕಾಸ್ ಟೇಬಲ್ ಬೇಡ.

ನಿಜವಾದ ಪಾಠ ಇಲ್ಲಿಂದ ಮುಂದೆ. ಕ್ಲಾಸಿಗೆ ವಾಪಸ್ ಬಂದು ಅದನ್ನೇ ಟ್ಯಾನ್ ಹಾಕಿ ಮಾಡಿಸುತ್ತೇನೆ. 30 ಮಿಲ್ ಅಂದರೆ 1.6875 ಡಿಗ್ರಿ. 200 ಮೀಟರ್‌ಗೆ ಕಂಬದ ಎತ್ತರ 5.89 ಮೀಟರ್ ಬರುತ್ತದೆ. ಬೆರಳಿನ ಲೆಕ್ಕಕ್ಕೂ ಇದಕ್ಕೂ ಸುಮಾರು 11 ಸೆಂಟಿಮೀಟರ್ ವ್ಯತ್ಯಾಸ, ಅಷ್ಟೇ. ಆಮೇಲೆ 800 ಮಿಲ್ ತೆಗೆದುಕೊಳ್ಳಿ ಅನ್ನುತ್ತೇನೆ. ಅದು 45 ಡಿಗ್ರಿ. ಸುಲಭದ ಲೆಕ್ಕ 1 ಕಿಲೋಮೀಟರ್‌ಗೆ 800 ಮೀಟರ್ ಎತ್ತರ ಹೇಳುತ್ತದೆ, ಟ್ಯಾನ್ 1000 ಮೀಟರ್ ಹೇಳುತ್ತದೆ. ಕ್ಲಾಸಿನಲ್ಲಿ ಗಲಾಟೆ ಶುರು. ಎಲ್ಲಿಯವರೆಗೆ ನಂಬಬಹುದು, ಎಲ್ಲಿಂದ ಕೈಕೊಡುತ್ತದೆ ಅಂತ ಅವರೇ ಕೂತು ಹುಡುಕುತ್ತಾರೆ. ಟ್ಯಾನ್ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಸೇನೆಯಿಂದ ತಂದ ಇನ್ನೊಂದು ಅಭ್ಯಾಸ ಇದೆ. ಗನ್‌ಗೆ ಕೊಡುವ ಅಂಕಿಗಳನ್ನು ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ ಹೋಲಿಸುತ್ತಾರೆ. ವೈರ್‌ಲೆಸ್‌ನಲ್ಲಿ ಬಂದ ಆರ್ಡರನ್ನು ಕೇಳಿಸಿಕೊಂಡವರು ಹಾಗೇ ತಿರುಗಿ ಹೇಳುತ್ತಾರೆ. ಎರಡನ್ನೂ ಕ್ಲಾಸಿನಲ್ಲಿ ಇಟ್ಟುಕೊಂಡಿದ್ದೇನೆ. ಪ್ರಶ್ನೆ ಓದಿದ ಹುಡುಗಿ ಮೊದಲು ಅದನ್ನು ತನ್ನ ಮಾತಿನಲ್ಲಿ ಹೇಳಬೇಕು. ಪಕ್ಕದವರ ಉತ್ತರ ಬೇರೆ ಬಂದರೆ ನನ್ನ ಹತ್ತಿರ ಬರುವ ಹಾಗಿಲ್ಲ, ಇಬ್ಬರೂ ಸೇರಿ ಎಲ್ಲಿ ದಾರಿ ಬೇರೆಯಾಯಿತು ಅಂತ ಹುಡುಕಬೇಕು. ನನ್ನ ಪ್ರಕಾರ ಹತ್ತು ಲೆಕ್ಕ ಸುಮ್ನೆ ಮಾಡಿಸುವುದಕ್ಕಿಂತ ಇದರಿಂದ ಜಾಸ್ತಿ ಕಲಿಯುತ್ತಾರೆ. ಮಿಲಿಟರಿಯವರು ಅಂದರೆ ಗದರುತ್ತಾರೆ ಅಂತ ಪೋಷಕರಿಗೆ ಅನುಮಾನ ಇರುತ್ತದೆ. ಗುಂಡು ಹಾರುವ ಜಾಗದಲ್ಲೂ ಅಂಕಿ ಹೇಳುವ ದನಿ ನಿಧಾನವಾಗಿ, ಸ್ಪಷ್ಟವಾಗಿ ಇರಬೇಕು. ಹೆದರಿದವರ ಕೈಯಲ್ಲಿ ಕೂಡುವ ಲೆಕ್ಕವೂ ತಪ್ಪುತ್ತದೆ.

ಸೂತ್ರ ಮರೆತುಹೋಯಿತು ಅನ್ನುವ ಮಕ್ಕಳಿಗೆ ಪೋನ್ಸ್‌ಲೆ ಬಗ್ಗೆ ಹೇಳುತ್ತೇನೆ. ನೆಪೋಲಿಯನ್ ಸೈನ್ಯದ ಎಂಜಿನಿಯರ್ ಅಧಿಕಾರಿ. 1812ರಲ್ಲಿ ರಷ್ಯಾದಲ್ಲಿ ಸೆರೆಸಿಕ್ಕಿ ಸರಾಟೋವ್‌ನಲ್ಲಿ ಬಂದಿಯಾಗಿದ್ದ. ಕೈಯಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಓದಿದ ಗಣಿತವನ್ನೆಲ್ಲ ನೆನಪಿನಿಂದಲೇ ಮತ್ತೆ ಕಟ್ಟುತ್ತಾ ಹೋದ, ಅಲ್ಲಿಂದ ಹೊಸ ಜ್ಯಾಮಿತಿಗೇ ದಾರಿ ಸಿಕ್ಕಿತು. ಆಕೃತಿಯ ನೆರಳು ಬಿದ್ದಾಗಲೂ ಬದಲಾಗದ ಗುಣಗಳನ್ನು ಹುಡುಕುವ ಈ ಪ್ರಕ್ಷೇಪಕ ಜ್ಯಾಮಿತಿಯ ಮೇಲಿನ ಅವನ ಗ್ರಂಥ 1822ರಲ್ಲಿ ಬಂತು. ಮುಂದೆ ಫ್ರಾನ್ಸಿನ ಮೆಟ್ಸ್‌ನ ಸೈನಿಕ ಶಾಲೆಯಲ್ಲಿ ಅವನು ಮೇಷ್ಟ್ರೂ ಆದ.

ಅವನ ನೆನಪಿನಲ್ಲಿ ವಾರಕ್ಕೊಂದು ಪೀರಿಯಡ್ ಪುಸ್ತಕ ಮುಚ್ಚಿಸುತ್ತೇನೆ. ಖಾಲಿ ಹಾಳೆ ಕೊಟ್ಟು, ವರ್ಗ ಸಮೀಕರಣದ ಸೂತ್ರವನ್ನು ಮೊದಲಿಂದ ತೆಗೆಯಿರಿ ಅನ್ನುತ್ತೇನೆ. ಶುರುವಿನಲ್ಲಿ ಎಲ್ಲರೂ ಗೊಣಗುತ್ತಾರೆ. ವರ್ಷದ ಕೊನೆಯ ಹೊತ್ತಿಗೆ ಕೆಲವರು, ಸೂತ್ರ ನೆನಪಿದ್ದರೂ ಹಾಳೆ ಕೇಳಿ ತೆಗೆದುಕೊಳ್ಳುತ್ತಾರೆ.