‘ಕರ್ನಾಟಕದ ಕೆರೆಗಳು’ ಎಂಬ ವಿಷಯವನ್ನು ನಾನು ಕಿರಿದಾಗಿಸಿದ್ದು

ಸಂಶೋಧನಾ ಲೇಖನಕ್ಕೆ ನಾನು ಮೊದಲು ಬರೆದುಕೊಂಡ ವಿಷಯ ‘ಕರ್ನಾಟಕದ ಕೆರೆಗಳು’. ನೀರಾವರಿ, ದೇವಸ್ಥಾನದ ದತ್ತಿ, ಹೂಳು, ಈಗಿನ ಒತ್ತುವರಿ ಎಲ್ಲವೂ ಅದರೊಳಗೇ ಬರುತ್ತಿದ್ದವು. ಒಂದು ಜಿಲ್ಲೆ, ಒಂದು ಕಾಲ ಹಿಡಿದುಕೋ ಎಂದರು ಮಾರ್ಗದರ್ಶಕರು. ಕೋಲಾರ ಸೀಮೆ, ವಿಜಯನಗರ ಕಾಲ ಎಂದು ಗುರುತು ಹಾಕಿಕೊಂಡೆ. ಆದರೂ ಕೇಳಬೇಕಾದದ್ದೇನು ಎಂಬುದು ತಿಳಿಯಲಿಲ್ಲ. ಎಲ್ಲೆ ಹಾಕಿದ ಮಾತ್ರಕ್ಕೆ ವಿಷಯ ಹುಟ್ಟುವುದಿಲ್ಲ. ಆಕರ ಓದುವಾಗ ಹುಟ್ಟುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾಗಿ ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, ಅಂದರೆ ಕೋಲಾರದ್ದು, ಹಿಡಿದು ಕೂತೆ. ಅದರಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಊರು, ವರ್ಷ, ಕೊಟ್ಟವರು, ಪಡೆದವರು, ಕೊಟ್ಟದ್ದೇನು, ಯಾವ ಕೆಲಸಕ್ಕೆ ಎಂದು ತುಂಬುತ್ತಾ ಹೋದೆ. ಈ ಕೊನೆಯ ಕಾಲಂನಲ್ಲೇ ನನಗೆ ದಾರಿ ಸಿಕ್ಕಿತು. ಹೊಸ ಕೆರೆ ಕಟ್ಟಿಸಿದವರಿಗೆ ಗದ್ದೆ ಬಿಟ್ಟುಕೊಟ್ಟ ಹಾಗೆಯೇ ಒಡೆದ ಏರಿ ಕಟ್ಟಿದವರಿಗೂ ಬಿಟ್ಟುಕೊಟ್ಟಿದ್ದಾರೆ. ದಶವಂದ, ಕಟ್ಟುಗೊಡಗೆ ಎಂದು ಕರೆಯುವ ಈ ಭೂಮಿ ಸಾಮಾನ್ಯವಾಗಿ ಅದೇ ಕೆರೆಯ ಕೆಳಗಿನದು. ಕೆರೆಯಲ್ಲಿ ನೀರು ನಿಂತರೆ ತಾನೇ ಆ ಗದ್ದೆಗೆ ಬೆಲೆ! ದುರಸ್ತಿ ಮಾಡಿದವನ ಅನ್ನವೂ ಆ ಏರಿಯ ಗಟ್ಟಿತನವನ್ನೇ ನಂಬಿಕೊಂಡಿತ್ತು. ಎಷ್ಟು ಜಾಣತನದ ಏರ್ಪಾಡು ಎಂದು ಈಗಲೂ ಬೆರಗಾಗುತ್ತೇನೆ.

ಅಲ್ಲಿಂದ ಪ್ರಶ್ನೆ ತಾನಾಗಿ ಮೂಡಿತು: ಒಡೆದ ಕೆರೆಯ ದುರಸ್ತಿಗೆ ಮುಂದಾದವರು ಯಾರು, ಅವರಿಗೆ ಯಾವ ಷರತ್ತಿನ ಮೇಲೆ ಭೂಮಿ ಸಿಕ್ಕಿತು?

ಇದಾದ ಮೇಲೆ ಬಿಡಬೇಕಾದದ್ದನ್ನು ಬಿಡಲು ಧೈರ್ಯ ಬಂತು. 1369ರ ಪೋರುಮಾಮಿಳ್ಳ ಶಾಸನವನ್ನು ಬಿಡುವುದು ಮಾತ್ರ ಸಂಕಟದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಹೇಳುವ ಅಪರೂಪದ ಶಾಸನ ಅದು. ಆದರೆ ಅದು ಕಡಪ ಸೀಮೆಯದು. ನಾನು ಕೇಳುತ್ತಿದ್ದದ್ದು ದುರಸ್ತಿಯ ಬಗ್ಗೆ. ಅಡಿಟಿಪ್ಪಣಿಯಲ್ಲಿ ಒಂದು ಸಾಲು ಕೊಟ್ಟೆ. ದೇವಸ್ಥಾನದ ದತ್ತಿಗಳನ್ನೂ ತೆಗೆದೆ. ಈಗಿನ ಒತ್ತುವರಿಯ ಮಾತನ್ನು ಪೂರ್ತಿ ಕೈಬಿಟ್ಟೆ.

ತಡಕಾಡಿಸಿದ್ದು ಸವೆದ ಶಾಸನಗಳು. ಭೂಮಿ ಕೊಟ್ಟದ್ದು ಓದಲು ಬರುತ್ತದೆ, ಯಾವ ಕೆಲಸಕ್ಕೆ ಎಂಬ ಸಾಲು ಅಳಿಸಿರುತ್ತದೆ. ಅಂಥವನ್ನು ಊಹೆಯಿಂದ ತುಂಬದೆ ಬೇರೆ ಪಟ್ಟಿಯಲ್ಲಿಟ್ಟು, ಲೇಖನದಲ್ಲಿ ಹಾಗೆಂದೇ ಹೇಳಿದೆ.