ಪದ ಹಾಡುವ ಮೊದಲು ದನಿ ಬದಲಿಸಿ ನೋಡಿ
ಭಜನಾ ಮಂಡಳಿಯ ಬಳಗಕ್ಕೆ ನಮಸ್ಕಾರ. ಧ್ವನಿಮುದ್ರಿಕೆ ಕೇಳಿ ಕಲಿತ ಪದದಲ್ಲಿ ಮೂಲ ಗಾಯಕರ ಅನುಕರಣೆಯೇ ಉಳಿದುಬಿಟ್ಟಿದ್ದರೆ, ಅದನ್ನು ತೀರ ಬೇರೆಯಾದ ದನಿಯಲ್ಲಿ ಮನಸ್ಸಿನೊಳಗೇ ಕೇಳಿಸಿಕೊಳ್ಳಿ. ನಮ್ಮ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು, ಕ್ಷಯರೋಗದಿಂದ ಒಂದು ಶ್ವಾಸಕೋಶ ನಿಷ್ಕ್ರಿಯವಾದ ಮೇಲೆ, ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲಿ ಹಾಡುವ ಶೈಲಿಯನ್ನು ರೂಢಿಸಿಕೊಂಡರು. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರದು ಗಂಡುದನಿಯೆನಿಸುವಷ್ಟು ಗಂಭೀರ ಕಂಠ. ಒಂದೇ ದಾಸರ ಪದವನ್ನು ಇವರಿಬ್ಬರ ದನಿಯಲ್ಲಿ ಕಲ್ಪಿಸಿಕೊಂಡಾಗ, ಉಸಿರು ಎಲ್ಲಿ ನಿಲ್ಲಬೇಕು, ಯಾವ ಅಕ್ಷರದ ಮೇಲೆ ಭಾರ ಬೀಳಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ. ಹೀಗೆ ಯೋಚಿಸಿಯೇ ನಾನು ‘ವಿಠಲಾ’ ಎಂಬ ಕೊನೆಯ ಮಾತನ್ನು ಉದ್ದಕ್ಕೆ ಎಳೆಯುವುದನ್ನು ಬಿಟ್ಟೆ. (ಸಿನಿಮಾ ಖಳನಾಯಕನ ದನಿಯಲ್ಲಿಯೂ ಕಲ್ಪಿಸಿ ಒಬ್ಬನೇ ನಕ್ಕದ್ದುಂಟು.) ಆದರೆ ಶ್ರುತಿಯನ್ನು ಪೇಟಿಯಲ್ಲಿ (ಹಾರ್ಮೋನಿಯಂನಲ್ಲಿ) ನಿಮ್ಮ ಕಂಠಕ್ಕೆ ಒಪ್ಪುವ ಮನೆಯಲ್ಲೇ, ಅಂದರೆ ಕೀಲಿಯಲ್ಲೇ, ಇಟ್ಟುಕೊಳ್ಳಬೇಕು; ಕಲ್ಪನೆಯ ದನಿಯ ಎತ್ತರಕ್ಕೆ ಗಂಟಲನ್ನು ಎಳೆಯಬಾರದು.